ದ್ವೀಪ ಉಬ್ಬಿದ್ದು ಮಿಲಿಮೀಟರ್ ಲೆಕ್ಕದಲ್ಲಿ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿ. ಹೊಲ ಅಳೆಯಲು ಬಂದ ಮೋಜಣಿದಾರರು ಈ ಸಲ ಸರಪಳಿ ತಂದಿರಲಿಲ್ಲ. ಕೋಲಿನ ತುದಿಗೆ ಬಟ್ಟಲಿನಂಥ ಆಂಟೆನಾ ಇದ್ದ ರೋವರ್ ತಂದಿದ್ದರು. ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ ಎಂದರು. ನನ್ನ ಮೊಬೈಲ್ ಮಾತ್ರ ಎಷ್ಟೋ ಸಲ ನನ್ನನ್ನು ಪಕ್ಕದವರ ಹೊಲದಲ್ಲಿ ನಿಲ್ಲಿಸುತ್ತದೆ. 2025ರಲ್ಲಿ ಗ್ರೀಸಿನ ಸ್ಯಾಂಟೊರಿನಿ ದ್ವೀಪದಿಂದ ಸಾವಿರಾರು ಜನ ಹೊರಟುಹೋದಾಗ, ಅಲ್ಲಿ ನೆಲ ಉಬ್ಬುತ್ತಿರುವುದನ್ನು ಉಪಗ್ರಹಗಳು ಪತ್ತೆಹಚ್ಚಿವೆ ಎಂದು ಓದಿದೆ. ಅಷ್ಟು ದೂರದಿಂದ ಅದು ಹೇಗೆ ತಿಳಿಯುತ್ತದೆ? ನೆಲ ಉಬ್ಬಿದರೆ ಜ್ವಾಲಾಮುಖಿ ಸಿಡಿಯುತ್ತದೆ ಎಂದೇ ಅರ್ಥವೇ? ನಮ್ಮ ಅಂಡಮಾನಿನ ಬ್ಯಾರನ್ ದ್ವೀಪಕ್ಕೂ ಇಂಥ ಕಾವಲು ಹಾಕಬಹುದೇ?

ಉತ್ತರ: ನಿಮ್ಮ ಹೊಲದಿಂದಲೇ ಆರಂಭಿಸುತ್ತೇನೆ. ರೋಣದ ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಕುಗ್ಗುತ್ತದೆ. ಎರೆ ನೆಲದಲ್ಲಿ ಆಳವಿಲ್ಲದ ಬುನಾದಿ ಹಾಕಿ ಕಟ್ಟಿದ ಮನೆಯ ಗೋಡೆ ಏಕೆ ಸೀಳುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹೊಲದ ನಡುವೆ ಒಂದು ಗೂಟ ನೆಟ್ಟು, ಅದರ ಮೇಲೆ ಜಗತ್ತಿನ ಅತ್ಯುತ್ತಮ ಜಿಪಿಎಸ್ ಉಪಕರಣ ಇಟ್ಟು ವರ್ಷವಿಡೀ ಅಳೆದರೆ, ಗೂಟ ಏರಿಳಿದದ್ದು ಅಚ್ಚುಕಟ್ಟಾಗಿ ಸಿಗುತ್ತದೆ. ಆದರೆ ಅದು ಮಣ್ಣಿನ ಏರಿಳಿತ; ಕೆಳಗಿನ ಬಂಡೆಯ ಸುದ್ದಿ ಅದರಲ್ಲಿ ಇರುವುದಿಲ್ಲ. ಜ್ವಾಲಾಮುಖಿಯ ಮೇಲೆ ಕೆಲಸ ಮಾಡುವವರ ಮೊದಲ ಚಿಂತೆಯೂ ಇದೇ. ಉಪಗ್ರಹದ ಮಾತು ಆಮೇಲೆ. ಮೊದಲು ನಮ್ಮ ಬಾಂದುಕಲ್ಲು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಖಚಿತವಾಗಬೇಕು. ಸಡಿಲ ಬೂದಿಯ ಮೇಲೆ ಕೂತ ಆಂಟೆನಾ ಬೂದಿ ಜಾರಿದ ಕಥೆಯನ್ನು ಹೇಳುತ್ತದೆ. ಆದ್ದರಿಂದ ಗಟ್ಟಿ ಲಾವಾ ಶಿಲೆ ಸಿಗುವವರೆಗೆ ಕೊರೆದು, ಉಕ್ಕಿನ ಸರಳುಗಳನ್ನು ಇಳಿಸಿ, ಸಂದು ತುಂಬಿ, ಅದರ ಮೇಲೆ ಆಂಟೆನಾವನ್ನು ಬಿಗಿಯುತ್ತಾರೆ. ಪಕ್ಕದಲ್ಲಿ ಸೌರಫಲಕ, ಬ್ಯಾಟರಿ, ದತ್ತಾಂಶ ಕಳಿಸಲು ರೇಡಿಯೊ. ಒಮ್ಮೆ ಬಿಗಿದ ಮೇಲೆ ಅದನ್ನು ಯಾರೂ ಅಲುಗಿಸುವ ಹಾಗಿಲ್ಲ.

ಈಗ ಮೊಬೈಲಿನ ವಿಷಯ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ನೀವು ಎಲ್ಲಿದ್ದೀರಿ ಎಂಬುದು ಅವುಗಳಿಗೆ ಗೊತ್ತೇ ಇಲ್ಲ. ಪ್ರತಿಯೊಂದೂ ತನ್ನ ಪರಮಾಣು ಗಡಿಯಾರ ನೋಡಿಕೊಂಡು ‘ಈಗ ಗಂಟೆ ಇಷ್ಟು, ನಾನು ಇಂಥಲ್ಲಿದ್ದೇನೆ’ ಎಂದು ಎಡೆಬಿಡದೆ ಸಾರುತ್ತಿರುತ್ತದೆ. ಆ ಕೂಗು ಬಂದು ತಲುಪಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುವುದು ನಿಮ್ಮ ಕೈಯಲ್ಲಿರುವ ಉಪಕರಣದ ಕೆಲಸ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಿಮ್ಮ ಸ್ಥಾನ ಮತ್ತು ನಿಮ್ಮ ಗಡಿಯಾರದ ತಪ್ಪು ಎರಡೂ ಸಿಗುತ್ತವೆ. ಗಡಿಯಾರ ಒಂದು ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ ತಪ್ಪಿದರೂ ದೂರದಲ್ಲಿ 30 ಸೆಂ.ಮೀ. ತಪ್ಪಾಗುತ್ತದೆ.

ಉಪಗ್ರಹದ ಸಂಕೇತದಲ್ಲಿ ಎರಡು ಬಗೆಯ ಗುರುತುಗಳಿವೆ. ಒಂದು, ಸಂಕೇತದ ಮೇಲೆ ಬರೆದಿರುವ ಸೊನ್ನೆ–ಒಂದುಗಳ ಸಾಲು. ಸಾಮಾನ್ಯ ಬಳಕೆಯ ಸಂಕೇತದಲ್ಲಿ ಅದರ ಒಂದೊಂದು ಅಕ್ಷರವೂ ದಾರಿಯಲ್ಲಿ ಸುಮಾರು 300 ಮೀಟರ್ ಉದ್ದ ಚಾಚಿಕೊಂಡಿರುತ್ತದೆ. ಅದರ ನೂರನೇ ಒಂದು ಭಾಗದವರೆಗೆ ಗುರುತಿಸಿದರೂ ತಪ್ಪು 3 ಮೀಟರ್. ಇನ್ನೊಂದು, ಆ ಅಕ್ಷರಗಳನ್ನು ಹೊತ್ತು ತರುವ ರೇಡಿಯೊ ಅಲೆ. ಅದರ ಉದ್ದ 19 ಸೆಂ.ಮೀ. ಮಾತ್ರ. ಅದರ ನೂರನೇ ಒಂದು ಭಾಗವೆಂದರೆ 2 ಮಿ.ಮೀ. ಮೊಬೈಲ್ ಸಾಮಾನ್ಯವಾಗಿ ಅಕ್ಷರ ಓದುತ್ತದೆ, ರೋವರ್ ಅಲೆಯನ್ನು ಅಳೆಯುತ್ತದೆ. ಪಕ್ಕದವರ ಹೊಲಕ್ಕೂ ನಿಮ್ಮ ಬದುವಿಗೂ ಇರುವ ಅಂತರ ಇಲ್ಲಿಂದ ಬರುತ್ತದೆ.

ಅಲೆಯನ್ನು ಅಳೆಯುವುದರಲ್ಲಿ ಒಂದು ತೊಡಕು ಇದೆ. ಗಾಲಿ ಉರುಳಿಸಿ ದಾರಿ ಅಳೆಯುವವನನ್ನು ನೆನೆಯಿರಿ. ನೀವು ಹೋಗಿ ನೋಡಿದಾಗ ಗಾಲಿ ಮುಕ್ಕಾಲು ಸುತ್ತಿನಲ್ಲಿ ನಿಂತಿದೆ. ಆದರೆ ಅದಕ್ಕೆ ಮುಂಚೆ ಎಷ್ಟು ಪೂರ್ಣ ಸುತ್ತು ಹಾಕಿದೆ ಎಂಬುದು ಬರೆದಿಟ್ಟಿಲ್ಲ. ರಿಸೀವರಿನ ಸ್ಥಿತಿಯೂ ಹಾಗೆಯೇ. ಅಲೆಯ ಚೂರು ಎಷ್ಟೆಂದು ಬಹಳ ನಿಖರವಾಗಿ ಗೊತ್ತು. ನಡುವೆ ಇರುವ ಹತ್ತು ಕೋಟಿಗೂ ಹೆಚ್ಚು ಪೂರ್ಣ ಅಲೆಗಳ ಎಣಿಕೆ ಗೊತ್ತಿಲ್ಲ. ಉಪಗ್ರಹಗಳು ಆಕಾಶದಲ್ಲಿ ಸರಿಯುತ್ತಾ ಹೋದಂತೆ ಕೋನಗಳು ಬದಲಾಗುತ್ತವೆ. ತಪ್ಪು ಎಣಿಕೆಗಳು ಒಂದಕ್ಕೊಂದು ಹೊಂದದೆ ಬಿದ್ದುಹೋಗುತ್ತವೆ, ಎಲ್ಲದಕ್ಕೂ ಒಪ್ಪುವ ಒಂದೇ ಎಣಿಕೆ ಉಳಿಯುತ್ತದೆ. ಇದಕ್ಕೆ ಉಪಕರಣ ಕೂತಲ್ಲಿಯೇ ಕೂತಿರಬೇಕು. ಜ್ವಾಲಾಮುಖಿಯ ಮೇಲಿನ ರಿಸೀವರ್ ಹದಿನೈದೋ ಮೂವತ್ತೋ ಸೆಕೆಂಡಿಗೊಮ್ಮೆ ದಾಖಲಿಸುತ್ತಾ ಇಡೀ ದಿನ ಕೂರುತ್ತದೆ. ಆ ದಿನದ ಅಷ್ಟೂ ಅಳತೆಗಳಿಂದ ನಾವು ಪಡೆಯುವುದು ನಕ್ಷೆಯ ಮೇಲೆ ಒಂದೇ ಒಂದು ಚುಕ್ಕೆ.

ಆ ಚುಕ್ಕೆ ಅಡ್ಡಡ್ಡ ದಿಕ್ಕಿನಲ್ಲಿ ಕೆಲವೇ ಮಿಲಿಮೀಟರ್ ನಿಖರ. ಎತ್ತರದಲ್ಲಿ ಅದರ ಎರಡು ಮೂರು ಪಟ್ಟು ಒರಟು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಲ್ಲ ಕಡೆಯೂ ಉಪಗ್ರಹಗಳಿರುವುದರಿಂದ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ. ಆದರೆ ನಮ್ಮ ಕಾಲ ಕೆಳಗೆ ಉಪಗ್ರಹವಿಲ್ಲ. ಇದಕ್ಕೆ ಗಾಳಿಯಲ್ಲಿರುವ ನೀರಾವಿಯೂ ಸೇರಿಕೊಳ್ಳುತ್ತದೆ. ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶ ಹೊತ್ತ ಪದರವಾದ ಅಯಾನುಗೋಳದಿಂದ ಆಗುವ ತಡವನ್ನು ಎರಡು ಬೇರೆ ಬೇರೆ ಆವರ್ತನದ ಅಲೆಗಳನ್ನು ಹೋಲಿಸಿ ತೆಗೆದುಹಾಕಬಹುದು. ನೀರಾವಿ ಹಾಗೆ ಬಗ್ಗುವುದಿಲ್ಲ. ಸಮುದ್ರದ ನಡುವೆ ಮೋಡಕ್ಕೆ ತಲೆಕೊಟ್ಟು ನಿಂತ ದ್ವೀಪಗಳಲ್ಲಿ ಇದು ದೊಡ್ಡ ಕಾಟ. ಬುಡದಲ್ಲಿರುವ ಕೇಂದ್ರದ ಮೇಲಿನ ಗಾಳಿಯೇ ಬೇರೆ, ಶಿಖರದ ಮೇಲಿನದೇ ಬೇರೆ. ಮಳೆಗಾಳಿ ಬೀಸಿದ ದಿನ ಶಿಖರ ಒಂದು ಸೆಂ.ಮೀ. ಎದ್ದಂತೆ ಕಂಡರೆ ಅನುಭವಿ ವಿಜ್ಞಾನಿ ತಕ್ಷಣ ಎಚ್ಚರಿಕೆ ಕೊಡುವುದಿಲ್ಲ, ನಾಲ್ಕು ದಿನದ ಚುಕ್ಕೆಗಳನ್ನು ಕಾಯುತ್ತಾನೆ.

ಧಾರವಾಡದಲ್ಲಿ ನಾನು ಪಾಠ ಮಾಡುತ್ತಿದ್ದಾಗಿನ ಒಂದು ಘಟನೆ ಹೇಳಬೇಕು. ಅಭ್ಯಾಸಕ್ಕೆಂದು ಕಟ್ಟಡದ ತಾರಸಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಗುರುತಿನ ಮೊಳೆಯ ನೇರಕ್ಕೆ ಆಂಟೆನಾ ಕೂರಿಸಿ ಅಳೆಯುತ್ತಿದ್ದೆವು. ಎರಡನೇ ಬಾರಿ ಅಳೆದಾಗ ತಾರಸಿ 9 ಸೆಂ.ಮೀ. ಎದ್ದಿತ್ತು! ಹುಡುಗರು ಉಪಗ್ರಹದ ಕಕ್ಷೆ, ವಾತಾವರಣ, ಸಾಫ್ಟ್‌ವೇರ್ ಎಲ್ಲವನ್ನೂ ಒಂದು ವಾರ ಜಾಲಾಡಿದರು. ಕೊನೆಗೆ ಕಾರಣ ಸಿಕ್ಕಿದ್ದು ಹೊಲಿದ ನೋಟ್‌ಬುಕ್ಕಿನಲ್ಲಿ: ಮೊಳೆಯಿಂದ ಆಂಟೆನಾದವರೆಗಿನ ಎತ್ತರ ಒಂದು ಬಾರಿ 1.452 ಮೀಟರ್, ಇನ್ನೊಂದು ಬಾರಿ 1.542 ಮೀಟರ್. ಎರಡು ಅಂಕಿ ಅದಲುಬದಲಾಗಿದ್ದವು. ಅಂದಿನಿಂದ ಟೇಪನ್ನು ಆಂಟೆನಾದ ಮೂರು ಬದಿಗಳಿಂದ ಹಿಡಿದು, ಕೆಲಸದ ಆರಂಭದಲ್ಲೊಮ್ಮೆ ಕೊನೆಯಲ್ಲೊಮ್ಮೆ, ಇಬ್ಬರು ಬೇರೆ ಬೇರೆ ಓದಿ ಬರೆಯುವುದನ್ನು ಕಡ್ಡಾಯ ಮಾಡಿದೆವು. ದ್ವೀಪದ ಜನರನ್ನು ಮನೆ ಬಿಡಿಸಬೇಕೋ ಬೇಡವೋ ಎಂಬ ತೀರ್ಮಾನ ಇಂಥ ಒಂದು ಅಂಕಿಯ ಮೇಲೆ ನಿಲ್ಲಬಹುದು. ಶಾಶ್ವತವಾಗಿ ಬಿಗಿದ ಆಂಟೆನಾಗಳನ್ನು ನಾನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಇನ್ನು, ‘ಅಲುಗಿತು’ ಎಂದರೆ ಯಾವುದಕ್ಕೆ ಹೋಲಿಸಿ ಅಲುಗಿತು? ನಿಮ್ಮ ಹೊಲ, ಗದಗಿನ ವೀರನಾರಾಯಣ ಗುಡಿ, ಹುಬ್ಬಳ್ಳಿ ಊರು, ಎಲ್ಲವೂ ಭಾರತದ ಭೂಫಲಕದ ಮೇಲೆ ಕೂತು ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆಗೆ ಸಾಗುತ್ತಿವೆ. ಅರವತ್ತು ವರ್ಷದ ಮನುಷ್ಯ ಮನೆ ಬಿಟ್ಟು ಕದಲದಿದ್ದರೂ 3 ಮೀಟರ್ ಪ್ರಯಾಣ ಮಾಡಿರುತ್ತಾನೆ. ಆದರೂ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಉದ್ದ ಬದಲಾಗಿಲ್ಲ, ಏಕೆಂದರೆ ಅದರ ಎರಡೂ ತುದಿಗಳು ಒಟ್ಟಿಗೆ ಸಾಗುತ್ತಿವೆ. ಜ್ವಾಲಾಮುಖಿಯಲ್ಲಿ ನಾವು ಹುಡುಕುವುದು ಈ ಉದ್ದದ ಬದಲಾವಣೆಯನ್ನು. ಹವಾಯಿಯ ಎಲ್ಲ ಕೇಂದ್ರಗಳೂ ಪೆಸಿಫಿಕ್ ಫಲಕದೊಡನೆ ವರ್ಷಕ್ಕೆ ಸುಮಾರು 7 ಸೆಂ.ಮೀ. ವಾಯವ್ಯಕ್ಕೆ ಹೋಗುತ್ತವೆ, ಅದನ್ನು ಕಳೆದಮೇಲೂ ಕಿಲೌಯಾ ಜ್ವಾಲಾಮುಖಿಯ ದಕ್ಷಿಣದ ಮಗ್ಗುಲು ವರ್ಷಕ್ಕೆ 6ರಿಂದ 8 ಸೆಂ.ಮೀ. ಕಡಲ ಕಡೆಗೆ ಜಾರುತ್ತಿರುವುದು ಉಳಿದುಕೊಳ್ಳುತ್ತದೆ. ನಿಮ್ಮ ಮೋಜಣಿದಾರರ ರೋವರ್ ಕೂಡ ಒಂಟಿಯಾಗಿ ಅಳೆದದ್ದಲ್ಲ. ಸರ್ವೆ ಆಫ್ ಇಂಡಿಯಾ ನೆಲೆಗೊಳಿಸಿರುವ ಸ್ಥಿರ ಕೇಂದ್ರಗಳು ಅದೇ ಆಕಾಶದ ಅವೇ ತಪ್ಪುಗಳನ್ನು ಅನುಭವಿಸಿ, ತಿದ್ದುಪಡಿಯನ್ನು ಮೊಬೈಲ್ ಜಾಲದ ಮೂಲಕ ರೋವರಿಗೆ ಕಳಿಸುತ್ತಿದ್ದವು. ಇಬ್ಬರಿಗೂ ಸಮನಾದ ತಪ್ಪು ಕಳೆಯುವಾಗ ಮಾಯವಾಗುತ್ತದೆ.

ದ್ವೀಪದಲ್ಲಿ ಈ ಅನುಕೂಲ ಕಡಿಮೆ. ಬಯಲುಸೀಮೆಯಲ್ಲಿ ಬೇಕಾದ ಕಡೆ ಕೇಂದ್ರ ಹಾಕಬಹುದು. ದ್ವೀಪದ ಸುತ್ತ ನೀರು. ಚಿಕ್ಕ ದ್ವೀಪವಾದರೆ ಹೋಲಿಸಲು ಇಟ್ಟ ಕಲ್ಲೂ ಜ್ವಾಲಾಮುಖಿಯ ಮೈಮೇಲೆಯೇ ಕೂತು ಅದರೊಡನೆ ಉಬ್ಬುತ್ತದೆ. ಶಿಲಾಪಾಕ, ಅಂದರೆ ನೆಲದಾಳದ ಕರಗಿದ ಕಲ್ಲು, ಕಡಲತಳದ ಕೆಳಗೆ ಹರಿದರೆ ದ್ವೀಪದ ಮೇಲಿನ ಆಂಟೆನಾಗಳಿಗೆ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಇದನ್ನು ಜಪಾನಿನವರು 2000ನೇ ಇಸವಿಯಲ್ಲಿ ಮಿಯಾಕೆಜಿಮಾದಲ್ಲಿ ನೆರೆಯ ದ್ವೀಪಗಳ ನೆರವಿನಿಂದ ನಿಭಾಯಿಸಿದರು. ಅಲ್ಲಿ ಜೂನ್ 26ರಂದು ಭೂಕಂಪಗಳ ಸಾಲು ಆರಂಭವಾಯಿತು. ಜಪಾನಿನಲ್ಲಿ ಸುಮಾರು 20 ಕಿ.ಮೀ.ಗೊಂದರಂತೆ ಹರಡಿರುವ ಸಾವಿರಕ್ಕೂ ಹೆಚ್ಚು ಜಿಪಿಎಸ್ ಕೇಂದ್ರಗಳ ಜಾಲ ಮಿಯಾಕೆಜಿಮಾದಲ್ಲಷ್ಟೇ ಅಲ್ಲ, ವಾಯವ್ಯದ ಕೊಜುಶಿಮಾ, ನೀಜಿಮಾ ದ್ವೀಪಗಳಲ್ಲೂ ಇತ್ತು. ಆ ಎರಡು ದ್ವೀಪಗಳು ಒಂದರಿಂದೊಂದು ಹತ್ತಾರು ಸೆಂ.ಮೀ. ದೂರ ಸರಿದವು. ಅಂದರೆ ಮಿಯಾಕೆಜಿಮಾದ ಕೆಳಗಿದ್ದ ಶಿಲಾಪಾಕ ಕಡಲ ಕೆಳಗೆ ಗೋಡೆಯಂತೆ ಸೀಳಿಕೊಂಡು ಆಚೆಗೆ ಹರಿಯುತ್ತಿತ್ತು. ಒಳಗೆ ಬರಿದಾದ ಮಿಯಾಕೆಜಿಮಾದ ಶಿಖರ ಜುಲೈ 8ರಂದು ಕುಸಿಯತೊಡಗಿತು. ಸೆಪ್ಟೆಂಬರ್ ಆರಂಭದಲ್ಲಿ ಇಡೀ ದ್ವೀಪವನ್ನು ತೆರವು ಮಾಡಿದರು. ವಿಷಾನಿಲದ ಕಾರಣ ಜನ ಹಿಂತಿರುಗಿದ್ದು 2005ರಲ್ಲಿ. ಕಣ್ಣಿಗೆ ಬರೀ ನೀಲಿ ಕಡಲು ಕಾಣುವ ಕಡೆ ಕೆಳಗೆ ಏನಾಗುತ್ತಿದೆ ಎಂದು ಎರಡು ಪಕ್ಕದ ಊರುಗಳ ಕಲ್ಲುಗಳು ಹೇಳಿದವು. ನನ್ನ ಮಟ್ಟಿಗೆ ಈ ವಿದ್ಯೆಯ ಅತ್ಯಂತ ಸುಂದರ ಉದಾಹರಣೆ ಅದು.

ನೆಲದ ಮೇಲಿನ ಚಲನೆಯಿಂದ ಆಳದಲ್ಲಿರುವುದನ್ನು ಹೇಗೆ ಲೆಕ್ಕ ಹಾಕುತ್ತಾರೆ? ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವುದನ್ನು ನೋಡಿ. ಉಬ್ಬಿನ ನಡುಭಾಗ ನೇರ ಮೇಲೇಳುತ್ತದೆ. ಮಗ್ಗುಲು ಮೇಲೆಯೂ ಏಳುತ್ತದೆ, ಹೊರಕ್ಕೂ ವಾಲುತ್ತದೆ. ಜಪಾನಿನ ವಿಜ್ಞಾನಿ ಕಿಯೊ ಮೊಗಿ 1958ರಲ್ಲಿ ತಮ್ಮ ದೇಶದ ಸಕುರಾಜಿಮಾ ಜ್ವಾಲಾಮುಖಿ ಮತ್ತು ಕಿಲೌಯಾದ ಹಳೆಯ ಅಳತೆಗಳನ್ನು ಹಿಡಿದು ಇದಕ್ಕೆ ಸರಳ ಗಣಿತ ಹೊಂದಿಸಿದರು. ಆಗ ಜಿಪಿಎಸ್ ಇರಲಿಲ್ಲ. ಆಳದಲ್ಲಿ ಚಿಕ್ಕ ಗೋಳವೊಂದು ಹಿಗ್ಗುತ್ತಿದೆ ಎಂದುಕೊಂಡರೆ, ಯಾವುದೇ ಜಾಗದಲ್ಲಿ ನೆಲ ಹೊರಕ್ಕೆ ಸರಿದದ್ದಕ್ಕೂ ಮೇಲಕ್ಕೆ ಎದ್ದದ್ದಕ್ಕೂ ಇರುವ ಅನುಪಾತ, ಆ ಜಾಗ ಕೇಂದ್ರದಿಂದ ಇರುವ ದೂರಕ್ಕೂ ಗೋಳದ ಆಳಕ್ಕೂ ಇರುವ ಅನುಪಾತವೇ ಆಗಿರುತ್ತದೆ. ಕೇಂದ್ರದಿಂದ 4 ಕಿ.ಮೀ. ದೂರದ ಕಲ್ಲು 3 ಸೆಂ.ಮೀ. ಹೊರಕ್ಕೆ ಸರಿದು 3 ಸೆಂ.ಮೀ. ಮೇಲೆದ್ದರೆ, ಗೋಳ 4 ಕಿ.ಮೀ. ಆಳದಲ್ಲಿದೆ. ಪ್ರೌಢಶಾಲೆಯ ಹುಡುಗಿಯೂ ಮಾಡಬಹುದಾದ ಲೆಕ್ಕ. ಅದೇ ಸೂತ್ರದಿಂದ, 4 ಕಿ.ಮೀ. ಆಳದಲ್ಲಿ ಒಂದು ಕೋಟಿ ಘನ ಮೀಟರ್ ಹಿಗ್ಗಿದರೆ ನಡುನೆತ್ತಿಯ ನೆಲ ಸುಮಾರು 15 ಸೆಂ.ಮೀ. ಏಳುತ್ತದೆ ಎಂದೂ ಬರುತ್ತದೆ. ನಿಜವಾದ ಜ್ವಾಲಾಮುಖಿ ಇಷ್ಟು ಅಚ್ಚುಕಟ್ಟಲ್ಲ. ಶಿಲಾಪಾಕ ಹಾಳೆಯಂತೆ, ಗೋಡೆಯಂತೆ ಹರಡಿಕೊಳ್ಳುತ್ತದೆ, ಶಿಲೆಗಳು ಎಲ್ಲ ಕಡೆ ಒಂದೇ ಗಟ್ಟಿಯಾಗಿರುವುದಿಲ್ಲ. ಆದರೂ ಮೊದಲ ಅಂದಾಜಿಗೆ ಮೊಗಿಯವರ ಸೂತ್ರವನ್ನು ಇಂದಿಗೂ ಬಳಸುತ್ತಾರೆ.

ಸ್ಯಾಂಟೊರಿನಿಗೆ ಬನ್ನಿ. ಅಲ್ಲಿ 2011ರ ಜನವರಿಯಿಂದ 2012ರ ವಸಂತದವರೆಗೆ ಜಿಪಿಎಸ್ ಕೇಂದ್ರಗಳು ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹೊರಸರಿದವು. ಆ ಬಿಂದು ಇದ್ದದ್ದು ಕಡಲು ತುಂಬಿದ ಹಳೆಯ ಜ್ವಾಲಾಕುಂಡದ ಉತ್ತರ ಭಾಗದಲ್ಲಿ, ಸುಮಾರು 4 ಕಿ.ಮೀ. ಆಳದಲ್ಲಿ. ಸೇರಿದ ಶಿಲಾಪಾಕ 1ರಿಂದ 2 ಕೋಟಿ ಘನ ಮೀಟರ್. ಸಿಡಿತ ಆಗಲಿಲ್ಲ. 2025ರ ವಿಷಯದಲ್ಲಿ ನೀವು ಓದಿದ್ದನ್ನು ಸ್ವಲ್ಪ ತಿದ್ದಬೇಕು. ದ್ವೀಪ ಕೆಲವು ಸೆಂ.ಮೀ. ಉಬ್ಬಿದ್ದು 2024ರ ಮಧ್ಯದಿಂದ, ಬಹುತೇಕ ಯಾರ ಗಮನಕ್ಕೂ ಬಾರದೆ. 2025ರ ಜನವರಿ ಕೊನೆಯಲ್ಲಿ ಸ್ಯಾಂಟೊರಿನಿ ಮತ್ತು ಅಮೊರ್ಗೊಸ್ ದ್ವೀಪಗಳ ನಡುವಿನ ಕಡಲಿನಲ್ಲಿ ಸಾವಿರಾರು ಕಂಪನಗಳು ಶುರುವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟಾಗ, ಸ್ಯಾಂಟೊರಿನಿಯ ನೆಲ ಇಳಿಯುತ್ತಿತ್ತು. ಇಳಿತವೇ ಮುಖ್ಯ ಸುಳಿವಾಯಿತು. ಬರೀ ಭೂಫಲಕಗಳ ತಿಕ್ಕಾಟವಾಗಿದ್ದರೆ ನೆಲ ಹಾಗೆ ಇಳಿಯಬೇಕಾಗಿರಲಿಲ್ಲ. ಕೆಳಗಿನ ಶಿಲಾಪಾಕ ಈಶಾನ್ಯದ ಕಡೆಗೆ ಕಡಲತಳದಡಿ ಸೀಳಿಕೊಂಡು ಹೋಗಿ, ಕಡಲತಳಕ್ಕೆ ಕೆಲವು ಕಿ.ಮೀ. ಕೆಳಗೇ ನಿಂತುಬಿಟ್ಟಿತ್ತು. ಮಿಯಾಕೆಜಿಮಾದಲ್ಲಿ ಕಂಡ ಪಾಠವೇ ಇಲ್ಲೂ.

ಹಾಗಾದರೆ ಉಬ್ಬಿದರೆ ಸಿಡಿಯುತ್ತದೆಯೇ? ಇಷ್ಟು ಉಬ್ಬಿದರೆ ಸಿಡಿಯುತ್ತದೆ ಎಂಬ ಒಂದೇ ಅಳತೆಗೋಲು ಎಲ್ಲ ಜ್ವಾಲಾಮುಖಿಗೂ ಇಲ್ಲ. ಗಲಪಗೋಸ್‌ನ ಸಿಯೆರಾ ನೆಗ್ರಾದ ಕುಂಡದ ನೆಲ 2005ರ ಸಿಡಿತದ ನಂತರ ಏರುತ್ತಾ ಏರುತ್ತಾ ಸುಮಾರು ಆರೂವರೆ ಮೀಟರ್ ಎದ್ದಿತು. ಒಂದು ಮನೆಯ ಎತ್ತರಕ್ಕಿಂತ ಹೆಚ್ಚು! ಆಮೇಲೆ 2018ರ ಜೂನ್ 26ರಂದು ಸಿಡಿಯಿತು. ಅತ್ತ ಐಸ್‌ಲ್ಯಾಂಡಿನ ಗ್ರಿಂಡವಿಕ್ ಪಟ್ಟಣದಡಿ 2023ರ ನವೆಂಬರ್ 10ರಂದು ಕೆಲವೇ ಗಂಟೆಗಳಲ್ಲಿ ಶಿಲಾಪಾಕದ ಉದ್ದನೆಯ ಗೋಡೆ ನುಗ್ಗಿತು. ಪಟ್ಟಣದ ಒಂದು ಪಟ್ಟಿ ಒಂದು ಮೀಟರಿಗೂ ಹೆಚ್ಚು ಕುಸಿಯಿತು. ಜಿಪಿಎಸ್ ಮತ್ತು ಭೂಕಂಪಮಾಪಕಗಳ ಮಾತು ನಂಬಿ ಸುಮಾರು 3,800 ಜನರನ್ನು ಆ ರಾತ್ರಿಯೇ ಹೊರಗೆ ಕರೆತಂದರು. ಲಾವಾ ಹೊರಬಂದದ್ದು ಡಿಸೆಂಬರ್ 18ರಂದು, ಪಟ್ಟಣದ ಉತ್ತರಕ್ಕೆ. ಅಲ್ಲಿಂದ ಮುಂದೆ ಪಟ್ಟಣದ ಉತ್ತರಕ್ಕಿರುವ ಸ್ವಾರ್ತ್ಸೆಂಗಿ ಪ್ರದೇಶದ ನೆಲ ಉಬ್ಬುವುದು, ಸಿಡಿಯುವುದು, ತಗ್ಗುವುದು ಮತ್ತೆ ಮತ್ತೆ ನಡೆಯಿತು; ಪ್ರತಿ ಸುತ್ತಿನಲ್ಲಿ ಎಷ್ಟು ತುಂಬಿದೆ ಎಂದು ಹಿಂದಿನ ಸುತ್ತಿನೊಂದಿಗೆ ಹೋಲಿಸಿ ಎಚ್ಚರಿಕೆ ಕೊಡುವಷ್ಟು ಅಲ್ಲಿನವರು ಪಳಗಿದರು. ಒಂದು ಜ್ವಾಲಾಮುಖಿಯ ನಡವಳಿಕೆಯನ್ನು ಅದರದೇ ಹಿಂದಿನ ದಾಖಲೆಯಿಂದ ಕಲಿಯಬೇಕು, ಬೇರೆಯದರ ಅಂಕಿಯಿಂದ ಅಲ್ಲ. ಆದ್ದರಿಂದಲೇ ಶಾಂತವಾಗಿರುವಾಗಲೂ ಅಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೆರಿಬಿಯನ್ನಿನ ಮಾಂಟ್ಸೆರಾಟ್‌ನಲ್ಲಿ 2010ರ ಫೆಬ್ರವರಿಯ ನಂತರ ಲಾವಾ ಹೊರಬಂದಿಲ್ಲ. ಬೆಟ್ಟ ನೋಡಿದವರು ಮುಗಿಯಿತು ಎನ್ನುತ್ತಾರೆ. ಜಿಪಿಎಸ್ ಗೆರೆ ಮಾತ್ರ ಆ ಬಳಿಕವೂ ವರ್ಷಗಟ್ಟಲೆ ನಿಧಾನವಾಗಿ ಹೊರಸರಿಯುತ್ತಲೇ ಬಂದಿದೆ. 1995ರಲ್ಲಿ ಆರಂಭವಾದ ಆ ಸಿಡಿತದಿಂದ ಹೂತುಹೋದ ರಾಜಧಾನಿ ಪ್ಲಿಮತ್‌ಗೆ ಜನರನ್ನು ಮರಳಿ ಬಿಡದಿರುವುದಕ್ಕೆ ಇಂಥ ದಾಖಲೆಗಳ ಆಧಾರವಿದೆ.

ಬ್ಯಾರನ್ ದ್ವೀಪ ಪೋರ್ಟ್ ಬ್ಲೇರಿನಿಂದ, ಅಂದರೆ ಇಂದಿನ ಶ್ರೀ ವಿಜಯ ಪುರಂನಿಂದ, ಸುಮಾರು 140 ಕಿ.ಮೀ. ದೂರದಲ್ಲಿದೆ. ಜನವಸತಿ ಇಲ್ಲ. 1787ರ ಸಿಡಿತದ ದಾಖಲೆ ಇದೆ. ಒಂದೂವರೆ ಶತಮಾನಕ್ಕೂ ಮೀರಿ ಮಲಗಿದ್ದು 1991ರಲ್ಲಿ ಎದ್ದಿತು, ಆ ಬಳಿಕ ಆಗಾಗ ಬೂದಿ, ಲಾವಾ ಉಗುಳುತ್ತಿದೆ. ಕೇಂದ್ರ ಹಾಕಬಹುದು. ಆದರೆ ಉಪ್ಪುಗಾಳಿ, ಸೌರಫಲಕದ ಮೇಲೆ ಬೀಳುವ ಬೂದಿ, ದುರಸ್ತಿಗೆ ಪ್ರತಿ ಸಲವೂ ಹಡಗು, ಇವು ಸಣ್ಣ ತೊಂದರೆಗಳಲ್ಲ. ಜೊತೆಗೆ ಅಂಡಮಾನಿನ ನೆಲ ಸುಮ್ಮನೆ ಕೂರುವುದೂ ಇಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು. ಅದರ ಹಿಂದೆಯೇ ಬರುವ ನಿಧಾನ ಸರಿತ ವರ್ಷಗಟ್ಟಲೆ ನಡೆಯುತ್ತದೆ. ಬ್ಯಾರನ್ ಮೇಲಿನ ಆಂಟೆನಾ ಅಲುಗಿದರೆ ಅದರಲ್ಲಿ ಜ್ವಾಲಾಮುಖಿಯ ಪಾಲೆಷ್ಟು, ಫಲಕದ ಪಾಲೆಷ್ಟು ಎಂದು ಬಿಡಿಸಲು ಸುತ್ತಲಿನ ಅಂಡಮಾನ್ ದ್ವೀಪಗಳ ಕೇಂದ್ರಗಳೂ ಬೇಕು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಬ್ಯಾರನ್‌ಗೆ ಮೊದಲ ಕಾವಲು ರಾಡಾರ್ ಉಪಗ್ರಹ. ಇದು ಜಿಪಿಎಸ್ ಅಲ್ಲ. ಉಪಗ್ರಹವೇ ಅಲೆ ಕಳಿಸಿ ಪ್ರತಿಫಲನ ಹಿಡಿದು, ಎರಡು ದಿನಾಂಕದ ಚಿತ್ರಗಳನ್ನು ಹೋಲಿಸುತ್ತದೆ. ನೆಲದಲ್ಲಿ ಉಪಕರಣವೇ ಬೇಡ. ಇಸ್ರೊ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ 12 ದಿನಕ್ಕೊಮ್ಮೆ ಅದೇ ಪಥಕ್ಕೆ ಮರಳುತ್ತದೆ. ಇಂಡೋನೇಷ್ಯಾದ ಅನಕ್ ಕ್ರಕಟೌ ದ್ವೀಪದ ಮಗ್ಗುಲು 2018ರ ಡಿಸೆಂಬರ್ 22ರಂದು ಕಡಲಿಗೆ ಕುಸಿದು, ಎದ್ದ ಸುನಾಮಿಯಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಆ ಮಗ್ಗುಲು ತಿಂಗಳುಗಳಿಂದ ಜಾರುತ್ತಿದ್ದದ್ದು ರಾಡಾರ್ ಚಿತ್ರಗಳಲ್ಲಿತ್ತು. ಅದನ್ನು ಬಿಡಿಸಿ ನೋಡಿದ್ದು ದುರಂತದ ನಂತರ. ಆ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ರಾಡಾರ್ ದಿನಗಳಿಗೊಮ್ಮೆ ನೋಡುತ್ತದೆ, ಅದೂ ತನ್ನ ಓರೆನೋಟದ ದಿಕ್ಕಿನಲ್ಲಿ ಮಾತ್ರ. ಗ್ರಿಂಡವಿಕ್‌ನಂತೆ ಗಂಟೆಗಳಲ್ಲಿ ನಡೆಯುವುದನ್ನು ಮೂರೂ ದಿಕ್ಕಿನಲ್ಲಿ ಹಿಡಿಯಲು ಬಂಡೆಗೆ ಬಿಗಿದ ಆಂಟೆನಾವೇ ಬೇಕು.

ನಿಮ್ಮ ಕಪ್ಪತಗುಡ್ಡದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲ್ಲಿ ಜ್ವಾಲಾಮುಖಿ ಶಿಲೆಗಳಿವೆ, ಧಾರವಾಡದ ಹೆಸರನ್ನೇ ಹೊತ್ತ ಆ ಶಿಲಾಸಮೂಹದ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅದರಡಿ ಈಗ ಶಿಲಾಪಾಕವಿಲ್ಲ, ಹೆದರಬೇಕಾದ್ದೇನೂ ಇಲ್ಲ.

ನೀವೇ ನೋಡಬೇಕೆಂದಿದ್ದರೆ, ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಭೂಮಾಪನ ಪ್ರಯೋಗಾಲಯ ಜಗತ್ತಿನ ಸಾವಿರಾರು ಕೇಂದ್ರಗಳ ದಿನದಿನದ ಚುಕ್ಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರ ತೆರೆಯಿರಿ: ಪೂರ್ವಕ್ಕೂ ಉತ್ತರಕ್ಕೂ ನೇರವಾಗಿ ಏರುವ ಗೆರೆ, ನಮ್ಮೆಲ್ಲರ ಪ್ರಯಾಣ ಅದು. ಎತ್ತರದ ಗೆರೆಯಲ್ಲಿ ಚುಕ್ಕೆಗಳು ಹೆಚ್ಚು ಚದುರಿರುವುದನ್ನೂ ಗಮನಿಸಿ. ಆಮೇಲೆ ಕಿಲೌಯಾದ ಶಿಖರದ ಬಳಿಯ ಯಾವುದಾದರೂ ಕೇಂದ್ರ ತೆರೆದು, ಆ ಶಿಖರ ಕುಸಿಯತೊಡಗಿದ 2018ರ ಮೇ ತಿಂಗಳಿಗೆ ಬನ್ನಿ. ಗೆರೆ ಅಲ್ಲಿ ಕಡಿದು ಬೀಳುವುದನ್ನು ನೋಡಿದರೆ ನಾನು ಇಲ್ಲಿ ಬರೆದದ್ದು ಕಣ್ಣಿಗೇ ಕಾಣುತ್ತದೆ.